ಸರಳರೇಖೆಯ ಸಮೀಕರಣ

ಸರಳರೇಖೆಯ ಸಮೀಕರಣವು ಸಮತಲದ ಮೇಲಿನ ಒಂದು ಸರಳರೇಖೆಯ ಪ್ರತಿಯೊಂದು ಬಿಂದುವೂ ಪಾಲಿಸುವ ಮತ್ತು ಆ ರೇಖೆಯ ಹೊರಗಿರುವ ಯಾವ ಬಿಂದುವೂ ಪಾಲಿಸದ ಬೀಜಗಣಿತೀಯ ನಿಯಮವಾಗಿದೆ. ಇದು ನಿರ್ದೇಶಾಂಕ ರೇಖಾಗಣಿತದ ಮೂಲಭೂತ ಪರಿಕಲ್ಪನೆಗಳಲ್ಲೊಂದು. ಎರಡು ಚರಾಕ್ಷರಗಳುಳ್ಳ ಪ್ರಥಮ ಘಾತದ ಪ್ರತಿಯೊಂದು ಸಮೀಕರಣವೂ ಒಂದು ಸರಳರೇಖೆಯನ್ನು ಸೂಚಿಸುತ್ತದೆ. ಪ್ರತಿಯೊಂದು ಸರಳರೇಖೆಗೂ ಅಂತಹ ಒಂದು ಸಮೀಕರಣ ಇದ್ದೇ ಇರುತ್ತದೆ. ಈ ಕಾರಣದಿಂದಲೇ ಇಂತಹ ಸಮೀಕರಣಗಳನ್ನು ರೇಖಾತ್ಮಕ ಸಮೀಕರಣಗಳೆಂದು ಕರೆಯಲಾಗಿದೆ.

ಒಂದು ಸರಳರೇಖೆಯನ್ನು ಖಚಿತವಾಗಿ ಗುರುತಿಸಲು ಎರಡು ಸ್ವತಂತ್ರ ಸಂಗತಿಗಳು ಸಾಕು. ಅವು ಎರಡು ಬಿಂದುಗಳಾಗಿರಬಹುದು, ಅಥವಾ ಒಂದು ಬಿಂದು ಮತ್ತು ರೇಖೆಯ ಇಳಿಜಾರು ಆಗಿರಬಹುದು. ಪಠ್ಯಪುಸ್ತಕಗಳಲ್ಲಿ ಕಂಡುಬರುವ ಸಮೀಕರಣದ ವಿವಿಧ ರೂಪಗಳು ಬೇರೆ ಬೇರೆ ಸೂತ್ರಗಳಂತೆ ತೋರಿದರೂ ವಾಸ್ತವವಾಗಿ ಅವು ಈ ಎರಡು ಸಂಗತಿಗಳನ್ನು ದಾಖಲಿಸುವ ಬೇರೆ ಬೇರೆ ಕ್ರಮಗಳು ಮಾತ್ರ.

ಪರಿಭಾಷೆ ಮತ್ತು ಸಂಕೇತಗಳು

ಶಾಲಾ ಪಠ್ಯಗಳಲ್ಲಿ ಚರಾಕ್ಷರಗಳನ್ನು ಸಾಮಾನ್ಯವಾಗಿ ರೋಮನ್ ಲಿಪಿಯ ಎಕ್ಸ್ ಮತ್ತು ವೈ ಅಕ್ಷರಗಳಿಂದಲೂ, ಇಳಿಜಾರನ್ನು ಎಮ್ ಅಕ್ಷರದಿಂದಲೂ, ಲಂಬ ಅಕ್ಷದ ಅಂತಃಛೇದವನ್ನು ಸಿ ಅಕ್ಷರದಿಂದಲೂ ಸೂಚಿಸುತ್ತಾರೆ. ಈ ಲೇಖನದಲ್ಲಿ ಅವುಗಳಿಗೆ ಕ್ರಮವಾಗಿ ಕ್ಷ, ಯ, ಮ, ಸ ಎಂಬ ಕನ್ನಡ ಅಕ್ಷರಗಳನ್ನು ಬಳಸಲಾಗಿದೆ. ಎರಡು ಅಕ್ಷರಗಳ ನಡುವಿನ ಚುಕ್ಕೆ (·) ಗುಣಾಕಾರವನ್ನು ಸೂಚಿಸುತ್ತದೆ.

ಒಂದನ್ನೊಂದು ಲಂಬವಾಗಿ ಛೇದಿಸುವ ಎರಡು ಸಂಖ್ಯಾರೇಖೆಗಳಿಂದ ನಿರ್ದೇಶಾಂಕ ಸಮತಲ ಉಂಟಾಗುತ್ತದೆ. ಅಡ್ಡಲಾಗಿರುವುದು ಕ್ಷ-ಅಕ್ಷ, ನೆಟ್ಟಗಿರುವುದು ಯ-ಅಕ್ಷ. ಅವು ಸಂಧಿಸುವ ಸ್ಥಾನ ಮೂಲಬಿಂದು (0, 0). ಅಕ್ಷಗಳು ಸಮತಲವನ್ನು ನಾಲ್ಕು ಚತುರ್ಥಕಗಳಾಗಿ ವಿಭಾಗಿಸುತ್ತವೆ. ಯಾವುದೇ ಬಿಂದುವಿನ ಸ್ಥಾನವನ್ನು (ಕ್ಷ, ಯ) ಎಂಬ ಕ್ರಮಯುಕ್ತ ಜೋಡಿಯಿಂದ ತಿಳಿಸಲಾಗುತ್ತದೆ. ಇಲ್ಲಿ ಕ್ರಮಕ್ಕೆ ಮಹತ್ವವಿದೆ: (2, 5) ಮತ್ತು (5, 2) ಬೇರೆ ಬೇರೆ ಬಿಂದುಗಳು.

ಒಂದು ಸಮೀಕರಣವನ್ನು ಪಾಲಿಸುವ ಎಲ್ಲ ಬಿಂದುಗಳನ್ನು ಸಮತಲದಲ್ಲಿ ಗುರುತಿಸಿದಾಗ ದೊರೆಯುವ ಚಿತ್ರವೇ ಆ ಸಮೀಕರಣದ ನಕ್ಷೆ ಅಥವಾ ಗ್ರಾಫ್.

ಇತಿಹಾಸ

ಬದಲಾಗುವ ಪರಿಮಾಣವೊಂದನ್ನು ಚಿತ್ರದ ಮೂಲಕ ತೋರಿಸುವ ಪ್ರಯತ್ನವನ್ನು 14ನೇ ಶತಮಾನದಲ್ಲಿಯೇ ಫ್ರಾನ್ಸ್‌ನ ನಿಕೋಲ್ ಒರೆಮ್ ಮಾಡಿದ್ದನು. ಆದರೆ ಬೀಜಗಣಿತವನ್ನೂ ರೇಖಾಗಣಿತವನ್ನೂ ವ್ಯವಸ್ಥಿತವಾಗಿ ಬೆಸೆದ ಕೀರ್ತಿ 17ನೇ ಶತಮಾನದ ಇಬ್ಬರು ಫ್ರೆಂಚರಿಗೆ ಸಲ್ಲುತ್ತದೆ. ರೆನೆ ಡೆಕಾರ್ಟ್ ತನ್ನ 'ಲಾ ಜಿಯೊಮೆತ್ರಿ' ಕೃತಿಯನ್ನು 1637ರಲ್ಲಿ ಲೈಡನ್ ನಗರದಲ್ಲಿ ಪ್ರಕಟಿಸಿದನು. ಅದೇ ಕಾಲದಲ್ಲಿ ಪಿಯರ್ ದ ಫರ್ಮಾ ಸ್ವತಂತ್ರವಾಗಿ ಇದೇ ವಿಚಾರವನ್ನು ಬೆಳೆಸಿದ್ದನು. ಎರಡು ಅಜ್ಞಾತಗಳುಳ್ಳ ಪ್ರಥಮ ಘಾತದ ಸಮೀಕರಣವು ಸರಳರೇಖೆಯನ್ನು ಕೊಡುತ್ತದೆ ಎಂಬ ಸಂಗತಿ ಅವನ ಬರಹದಲ್ಲಿ ಸ್ಪಷ್ಟವಾಗಿದೆ. ಆದರೆ ಆ ಬರಹ ಮುದ್ರಣವಾದದ್ದು ಅವನ ಮರಣಾನಂತರ, 1679ರಲ್ಲಿ. ಡೆಕಾರ್ಟನ ಹೆಸರಿನ ಲ್ಯಾಟಿನ್ ರೂಪದಿಂದ 'ಕಾರ್ಟೀಸಿಯನ್ ಸಮತಲ' ಎಂಬ ಹೆಸರು ಬಂದಿದೆ. ಇಂದು ಕಾಣುವ ಎರಡು ಲಂಬ ಅಕ್ಷಗಳ ಚೌಕಟ್ಟು ಡೆಕಾರ್ಟನ ಗ್ರಂಥದಲ್ಲಿ ಈಗಿನ ರೂಪದಲ್ಲಿ ಇರಲಿಲ್ಲ. ಅದು ಮುಂದಿನ ಗಣಿತಜ್ಞರಿಂದ ಕ್ರಮೇಣ ರೂಪುಗೊಂಡಿತು. ಐಸಾಕ್ ನ್ಯೂಟನ್ 1704ರಲ್ಲಿ ಪ್ರಕಟವಾದ ಘನವಕ್ರಗಳ ಕುರಿತ ಕೃತಿಯಲ್ಲಿ ಋಣ ನಿರ್ದೇಶಾಂಕಗಳನ್ನೂ ಬಳಸಿಕೊಂಡು ನಾಲ್ಕೂ ಚತುರ್ಥಕಗಳಲ್ಲಿ ನಕ್ಷೆಗಳನ್ನು ರಚಿಸಿದನು.

ಭಾರತದಲ್ಲಿ ರೇಖಾತ್ಮಕ ಸಮೀಕರಣಗಳನ್ನು ಬಿಡಿಸುವ ಪರಂಪರೆ ಇದಕ್ಕಿಂತ ಬಹು ಹಿಂದಿನದು. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಧನ, ಋಣ ಮತ್ತು ಶೂನ್ಯಗಳ ಗಣನೆಗೆ ನಿಯಮಗಳಿವೆ. ಅಜ್ಞಾತ ಪರಿಮಾಣಗಳನ್ನು ಬಣ್ಣಗಳ ಹೆಸರಿನಿಂದ ಗುರುತಿಸುವ ರೂಢಿ ಭಾರತೀಯ ಬೀಜಗಣಿತದ್ದು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇಂದು ಏಕಕಾಲಿಕ ಸಮೀಕರಣಗಳೆನ್ನಲಾಗುವ ಅನೇಕ ಲೆಕ್ಕಗಳಿವೆ. ಈ ಗ್ರಂಥಗಳಲ್ಲಿ ಸಮೀಕರಣವನ್ನು ರೇಖೆಯಾಗಿ ಚಿತ್ರಿಸುವ ಪದ್ಧತಿ ಇಲ್ಲ. ಅವು ಉತ್ತರವನ್ನು ಗಣನೆಯಿಂದಲೇ ಪಡೆಯುತ್ತವೆ. ಅಂತಹ ಒಂದು ಲೆಕ್ಕವನ್ನು ಮುಂದೆ 'ಎರಡು ರೇಖೆಗಳ ಛೇದನ' ವಿಭಾಗದಲ್ಲಿ ಕೊಡಲಾಗಿದೆ.

ಇಳಿಜಾರು

ರೇಖೆಯ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಚಲಿಸುವಾಗ ಎತ್ತರದಲ್ಲಿ ಆಗುವ ಬದಲಾವಣೆಯನ್ನು ಅಡ್ಡ ದೂರದಲ್ಲಿ ಆಗುವ ಬದಲಾವಣೆಯಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಇಳಿಜಾರು. ಇದನ್ನು ಪ್ರವಣತೆ ಎಂದೂ ಕರೆಯುತ್ತಾರೆ. (ಕ್ಷ₁, ಯ₁) ಮತ್ತು (ಕ್ಷ₂, ಯ₂) ಬಿಂದುಗಳ ಮೂಲಕ ಹಾದುಹೋಗುವ ರೇಖೆಗೆ

ಮ = (ಯ₂ − ಯ₁) / (ಕ್ಷ₂ − ಕ್ಷ₁)

ಒಂದೇ ರೇಖೆಯ ಮೇಲೆ ಯಾವ ಎರಡು ಬಿಂದುಗಳನ್ನು ಆರಿಸಿಕೊಂಡರೂ ಇಳಿಜಾರು ಒಂದೇ ಆಗಿರುತ್ತದೆ. ಬೇರೆ ಬೇರೆ ಜೋಡಿ ಬಿಂದುಗಳಿಂದ ಉಂಟಾಗುವ ಲಂಬಕೋನ ತ್ರಿಭುಜಗಳು ಪರಸ್ಪರ ಸಮರೂಪವಾಗಿರುವುದರಿಂದ ಅವುಗಳ ಅನುರೂಪ ಬಾಹುಗಳ ಅನುಪಾತ ಬದಲಾಗುವುದಿಲ್ಲ. ಸರಳರೇಖೆಯನ್ನು ವಕ್ರರೇಖೆಯಿಂದ ಬೇರ್ಪಡಿಸುವ ಗುಣ ಇದೇ: ಸರಳರೇಖೆಯಲ್ಲಿ ಬದಲಾವಣೆಯ ದರ ಎಲ್ಲೆಡೆಯೂ ಸಮಾನ.

ರೇಖೆಯು ಎಡದಿಂದ ಬಲಕ್ಕೆ ಏರುತ್ತಿದ್ದರೆ ಇಳಿಜಾರು ಧನ, ಇಳಿಯುತ್ತಿದ್ದರೆ ಋಣ. ಎರಡು ಅಕ್ಷಗಳ ಮೇಲೂ ಒಂದೇ ಪ್ರಮಾಣವನ್ನು ಬಳಸಿದಾಗ, ರೇಖೆಯು ಕ್ಷ-ಅಕ್ಷದ ಧನ ದಿಕ್ಕಿನೊಡನೆ ಮಾಡುವ ಕೋನದ ಟ್ಯಾನ್ ಬೆಲೆಗೆ ಇಳಿಜಾರು ಸಮವಾಗಿರುತ್ತದೆ. ಉದಾಹರಣೆಗೆ, 45° ಕೋನ ಮಾಡುವ ರೇಖೆಯ ಇಳಿಜಾರು 1.

ರೈಲುಮಾರ್ಗಗಳ ಏರಿಳಿತವನ್ನು ಸೂಚಿಸುವ ಕ್ರಮವೂ ಇದೇ ಅನುಪಾತವನ್ನು ಆಧರಿಸಿದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗದ ಏರು 50ಕ್ಕೆ 1 ಎಂದು ಹೇಳಿದರೆ, 50 ಮೀಟರ್ ಮುಂದೆ ಸಾಗಿದಾಗ ಹಳಿ 1 ಮೀಟರ್ ಎತ್ತರವನ್ನು ಪಡೆಯುತ್ತದೆ ಎಂದರ್ಥ; ಅಂದರೆ ಇಳಿಜಾರು 0.02. ಕರ್ನಾಟಕ–ಗೋವಾ ಗಡಿಯ ಕ್ಯಾಸಲ್‌ರಾಕ್–ಕುಳೆಂ ಘಟ್ಟದಲ್ಲಿ ಇದು 37ಕ್ಕೆ 1, ಅಂದರೆ ಸುಮಾರು 0.027. ಮೊದಲನೆಯದರಲ್ಲಿ ಪ್ರತಿ ಕಿಲೋಮೀಟರಿಗೆ 20 ಮೀಟರ್, ಎರಡನೆಯದರಲ್ಲಿ ಸುಮಾರು 27 ಮೀಟರ್ ಏರಿಕೆ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ ವ್ಯತ್ಯಾಸವು ಭಾರವಾದ ಗಾಡಿಗಳನ್ನು ಎಳೆಯುವ ಎಂಜಿನ್‌ಗಳ ಸಂಖ್ಯೆಯನ್ನು ನಿರ್ಧರಿಸುವ ಅಂಶಗಳಲ್ಲೊಂದು.

ಸಮೀಕರಣದ ರೂಪಗಳು

ಎಲ್ಲ ರೂಪಗಳೂ ಒಂದೇ ರೇಖೆಯನ್ನು ಹೇಳಬಲ್ಲವು ಎಂಬುದನ್ನು ತೋರಿಸಲು ಈ ವಿಭಾಗದಲ್ಲಿ (2, 3) ಮತ್ತು (6, −3) ಬಿಂದುಗಳ ಮೂಲಕ ಹಾದುಹೋಗುವ ಒಂದೇ ರೇಖೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಎರಡು ಬಿಂದು ರೂಪ: ರೇಖೆಯ ಮೇಲಿನ ಎರಡು ಬಿಂದುಗಳು ಮಾತ್ರ ತಿಳಿದಿರುವಾಗ ಮೊದಲು ಇಳಿಜಾರನ್ನು ಕಂಡುಹಿಡಿಯಬೇಕು. ಇಲ್ಲಿ ಮ = (−3 − 3) / (6 − 2) = −6/4 = −3/2. ಸಾಮಾನ್ಯವಾಗಿ ಈ ರೂಪವನ್ನು

(ಯ − ಯ₁) / (ಕ್ಷ − ಕ್ಷ₁) = (ಯ₂ − ಯ₁) / (ಕ್ಷ₂ − ಕ್ಷ₁)

ಎಂದು ಬರೆಯುತ್ತಾರೆ. ರೇಖೆಯ ಮೇಲಿನ ಯಾವುದೇ ಬಿಂದುವಿನಿಂದ ಅಳೆದರೂ ಇಳಿಜಾರು ಒಂದೇ ಎಂಬುದಷ್ಟೇ ಇದರ ಅರ್ಥ.

ಬಿಂದು–ಇಳಿಜಾರು ರೂಪ: ಒಂದು ಬಿಂದು ಮತ್ತು ಇಳಿಜಾರು ತಿಳಿದಿದ್ದರೆ ಸಮೀಕರಣ

ಯ − ಯ₁ = ಮ·(ಕ್ಷ − ಕ್ಷ₁)

ಮೇಲಿನ ರೇಖೆಗೆ ಇದು ಯ − 3 = (−3/2)(ಕ್ಷ − 2) ಆಗುತ್ತದೆ. ಮೊದಲ ಬಿಂದುವಿನ ಬದಲು ಎರಡನೆಯದನ್ನು ಬಳಸಿದರೆ ಯ + 3 = (−3/2)(ಕ್ಷ − 6) ಎಂದು ಬರುತ್ತದೆ. ಎರಡೂ ಬೇರೆಯಾಗಿ ಕಂಡರೂ ಸರಳೀಕರಿಸಿದಾಗ ಒಂದೇ ಆಗುತ್ತವೆ.

ಇಳಿಜಾರು–ಅಂತಃಛೇದ ರೂಪ: ರೇಖೆಯು ಯ-ಅಕ್ಷವನ್ನು (0, ಸ) ಬಿಂದುವಿನಲ್ಲಿ ಕಡಿದರೆ ಸ ಎಂಬುದನ್ನು ಯ-ಅಂತಃಛೇದ ಎನ್ನುತ್ತಾರೆ. ಆಗ ಸಮೀಕರಣ

ಯ = ಮ·ಕ್ಷ + ಸ

ಉದಾಹರಣೆಯ ರೇಖೆಗೆ ಯ = (−3/2)ಕ್ಷ + 6. ಕ್ಷ ಶೂನ್ಯವಾಗಿದ್ದಾಗ ಎಲ್ಲಿದ್ದೇವೆ ಎಂಬುದನ್ನು ಸ ಹೇಳುತ್ತದೆ. ಅಲ್ಲಿಂದ ಪ್ರತಿ ಹೆಜ್ಜೆಗೆ ಎಷ್ಟು ಬದಲಾಗುತ್ತದೆ ಎಂಬುದನ್ನು ಮ ಹೇಳುತ್ತದೆ. ನಕ್ಷೆ ಬಿಡಿಸುವುದಕ್ಕೂ ಎರಡು ರೇಖೆಗಳನ್ನು ಹೋಲಿಸುವುದಕ್ಕೂ ಈ ರೂಪ ಅತ್ಯಂತ ಅನುಕೂಲಕರ.

ಅಂತಃಛೇದ ರೂಪ: ರೇಖೆಯು ಎರಡು ಅಕ್ಷಗಳನ್ನು (ಪ, 0) ಮತ್ತು (0, ಫ) ಬಿಂದುಗಳಲ್ಲಿ ಕಡಿದರೆ

ಕ್ಷ/ಪ + ಯ/ಫ = 1

ಉದಾಹರಣೆಯ ರೇಖೆಗೆ ಕ್ಷ/4 + ಯ/6 = 1. ಮೂಲಬಿಂದುವಿನ ಮೂಲಕ ಹಾದುಹೋಗುವ ರೇಖೆಗಳನ್ನಾಗಲಿ, ಅಕ್ಷಗಳಿಗೆ ಸಮಾಂತರವಾದ ರೇಖೆಗಳನ್ನಾಗಲಿ ಈ ರೂಪದಲ್ಲಿ ಬರೆಯಲಾಗದು.

ಸಾಮಾನ್ಯ ರೂಪ: ಎಲ್ಲ ಪದಗಳನ್ನೂ ಒಂದೇ ಬದಿಗೆ ತಂದಾಗ ದೊರೆಯುವ

ಅ·ಕ್ಷ + ಬ·ಯ + ಗ = 0

ಎಂಬುದು ಸಾಮಾನ್ಯ ರೂಪ. ಇಲ್ಲಿ ಅ ಮತ್ತು ಬ ಎರಡೂ ಏಕಕಾಲದಲ್ಲಿ ಶೂನ್ಯವಾಗಿರಬಾರದು. ಉದಾಹರಣೆಯ ರೇಖೆ 3ಕ್ಷ + 2ಯ − 12 = 0 ಆಗುತ್ತದೆ. ಯಾವ ಸರಳರೇಖೆಯನ್ನೂ ಬಿಡದೆ ಎಲ್ಲವನ್ನೂ ಒಳಗೊಳ್ಳುವುದು ಈ ರೂಪದ ವೈಶಿಷ್ಟ್ಯ. ಬ ಶೂನ್ಯವಲ್ಲದಿದ್ದರೆ ಇಳಿಜಾರು −ಅ/ಬ ಮತ್ತು ಯ-ಅಂತಃಛೇದ −ಗ/ಬ. ಸಾಮಾನ್ಯ ರೂಪದಲ್ಲಿ ಮೂರು ಸ್ಥಿರಾಂಕಗಳು ಕಂಡರೂ ಸಮೀಕರಣವನ್ನು ಯಾವುದೇ ಶೂನ್ಯೇತರ ಸಂಖ್ಯೆಯಿಂದ ಗುಣಿಸಿದರೆ ರೇಖೆ ಬದಲಾಗದ ಕಾರಣ, ನಿಜವಾಗಿ ಅಗತ್ಯವಿರುವುದು ಅವುಗಳ ನಡುವಿನ ಎರಡು ಅನುಪಾತಗಳು ಮಾತ್ರ. ಎರಡು ಸಂಗತಿಗಳು ಸಾಕು ಎಂಬ ಮಾತು ಇಲ್ಲಿಯೂ ಸತ್ಯವಾಗುತ್ತದೆ.

ಸಮೀಕರಣದಿಂದ ನಕ್ಷೆಗೆ

ಬೆಲೆಪಟ್ಟಿಯ ವಿಧಾನ: ಕ್ಷ ಚರಾಕ್ಷರಕ್ಕೆ ಅನುಕೂಲವಾದ ಕೆಲವು ಬೆಲೆಗಳನ್ನು ಕೊಟ್ಟು ಅದಕ್ಕೆ ತಕ್ಕ ಯ ಬೆಲೆಗಳನ್ನು ಲೆಕ್ಕಹಾಕಲಾಗುತ್ತದೆ. 3ಕ್ಷ + 2ಯ = 12 ಸಮೀಕರಣಕ್ಕೆ

ಕ್ಷ: 0, 2, 4, 6
ಯ: 6, 3, 0, −3

ಭಿನ್ನರಾಶಿಗಳನ್ನು ತಪ್ಪಿಸಲು ಇಲ್ಲಿ ಕ್ಷ ಬೆಲೆಗಳನ್ನು ಸಮಸಂಖ್ಯೆಗಳಾಗಿ ಆರಿಸಿಕೊಳ್ಳಲಾಗಿದೆ. ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಅಳತೆಪಟ್ಟಿಯಿಂದ ಸೇರಿಸಿದರೆ ರೇಖೆ ಸಿದ್ಧವಾಗುತ್ತದೆ. ರೇಖೆಯನ್ನು ಎಳೆಯಲು ಎರಡು ಬಿಂದುಗಳೇ ಸಾಕಾದರೂ ಮೂರನೆಯದನ್ನು ಗುರುತಿಸುವುದು ಒಳ್ಳೆಯ ಅಭ್ಯಾಸ. ಎರಡು ಬಿಂದುಗಳಲ್ಲಿ ಒಂದು ತಪ್ಪಾಗಿದ್ದರೂ ಅವುಗಳ ನಡುವೆ ಒಂದು ರೇಖೆ ಎಳೆಯಲು ಬರುತ್ತದೆ, ತಪ್ಪು ಗೋಚರಿಸುವುದಿಲ್ಲ. ಮೂರನೆಯ ಬಿಂದು ರೇಖೆಯಿಂದ ಹೊರಗುಳಿದರೆ ಲೆಕ್ಕದಲ್ಲಿ ದೋಷವಿದೆ ಎಂಬುದು ತಕ್ಷಣ ತಿಳಿಯುತ್ತದೆ.

ಇಳಿಜಾರು–ಅಂತಃಛೇದ ವಿಧಾನ: ಯ = (−3/2)ಕ್ಷ + 6 ರೇಖೆಗೆ ಮೊದಲು (0, 6) ಬಿಂದುವನ್ನು ಗುರುತಿಸಬೇಕು. ಇಳಿಜಾರಿನ ಛೇದ 2, ಅಂಶ −3. ಆದ್ದರಿಂದ ಎರಡು ಮನೆ ಬಲಕ್ಕೆ, ಮೂರು ಮನೆ ಕೆಳಕ್ಕೆ ಸರಿದರೆ (2, 3), ಮತ್ತೆ ಅದೇ ಹೆಜ್ಜೆಯಲ್ಲಿ (4, 0) ದೊರೆಯುತ್ತದೆ. ಇಳಿಜಾರು ಪೂರ್ಣಾಂಕವಾಗಿದ್ದರೆ ಅದರ ಛೇದವನ್ನು 1 ಎಂದು ಪರಿಗಣಿಸಬೇಕು.

ಅಂತಃಛೇದಗಳ ವಿಧಾನ: ಕ್ಷ = 0 ಎಂದಿಟ್ಟು ಯ ಬೆಲೆಯನ್ನೂ, ಯ = 0 ಎಂದಿಟ್ಟು ಕ್ಷ ಬೆಲೆಯನ್ನೂ ಕಂಡುಹಿಡಿದರೆ ಎರಡು ಬಿಂದುಗಳು ಸಿಗುತ್ತವೆ. ಸಾಮಾನ್ಯ ರೂಪದಲ್ಲಿರುವ ಸಮೀಕರಣಗಳಿಗೆ ಇದು ಶೀಘ್ರ ಮಾರ್ಗ. ರೇಖೆಯು ಮೂಲಬಿಂದುವಿನ ಮೂಲಕ ಹೋದರೆ ಎರಡೂ ಉತ್ತರಗಳು (0, 0) ಎಂದೇ ಬರುವುದರಿಂದ ಇನ್ನೊಂದು ಬಿಂದುವನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ.

ನಕ್ಷೆಯಲ್ಲಿ ಪ್ರತಿ ಅಕ್ಷದ ಪ್ರಮಾಣವನ್ನು ನಮೂದಿಸುವುದು ಅಗತ್ಯ. ಒಂದು ಅಕ್ಷದ ಪ್ರಮಾಣವನ್ನು ಹಿಗ್ಗಿಸಿದರೆ ರೇಖೆ ಹೆಚ್ಚು ಕಡಿದಾಗಿ ಅಥವಾ ಹೆಚ್ಚು ಚಪ್ಪಟೆಯಾಗಿ ಕಾಣುತ್ತದೆ. ಆದರೆ ಇಳಿಜಾರಿನ ಬೆಲೆ ಬದಲಾಗದು. ಪತ್ರಿಕೆಗಳಲ್ಲಿ ಪ್ರಕಟವಾಗುವ ನಕ್ಷೆಗಳನ್ನು ಓದುವಾಗ ರೇಖೆಯ ನೋಟಕ್ಕಿಂತ ಅಕ್ಷದ ಮೇಲಿನ ಸಂಖ್ಯೆಗಳನ್ನು ಗಮನಿಸಬೇಕಾದುದು ಈ ಕಾರಣಕ್ಕಾಗಿ.

ನಕ್ಷೆಯಿಂದ ಸಮೀಕರಣಕ್ಕೆ

ಎಳೆದಿರುವ ರೇಖೆಯಿಂದ ಸಮೀಕರಣವನ್ನು ಪಡೆಯಲು ಗ್ರಾಫ್ ಹಾಳೆಯ ಗೆರೆಗಳು ಸಂಧಿಸುವ ಸ್ಥಾನಗಳಲ್ಲಿ ರೇಖೆ ಹಾಯುವ ಎರಡು ಬಿಂದುಗಳನ್ನು ಆರಿಸಿಕೊಳ್ಳಬೇಕು. ಉದಾಹರಣೆಗೆ, ರೇಖೆಯೊಂದು (−3, −1) ಮತ್ತು (6, 5) ಬಿಂದುಗಳ ಮೂಲಕ ಹೋಗಿದ್ದರೆ

ಮ = (5 − (−1)) / (6 − (−3)) = 6/9 = 2/3

ಯ = (2/3)ಕ್ಷ + ಸ ಎಂಬುದರಲ್ಲಿ (6, 5) ಬಿಂದುವನ್ನು ಆದೇಶಿಸಿದರೆ 5 = 4 + ಸ, ಅಂದರೆ ಸ = 1. ಆದ್ದರಿಂದ ಸಮೀಕರಣ ಯ = (2/3)ಕ್ಷ + 1, ಅಥವಾ 2ಕ್ಷ − 3ಯ + 3 = 0. ಉಳಿದ ಬಿಂದುವನ್ನು ಆದೇಶಿಸಿ ತಾಳೆ ನೋಡಬಹುದು: 2(−3) − 3(−1) + 3 = 0.

ಆರಿಸುವ ಬಿಂದುಗಳು ಪರಸ್ಪರ ದೂರದಲ್ಲಿದ್ದಷ್ಟೂ ಒಳ್ಳೆಯದು. ಎತ್ತರವನ್ನು ಓದುವಾಗ 0.2ರಷ್ಟು ತಪ್ಪಾಯಿತೆಂದುಕೊಂಡರೆ, ಬಿಂದುಗಳ ಅಡ್ಡ ಅಂತರ 1 ಆಗಿದ್ದಾಗ ಇಳಿಜಾರಿನಲ್ಲಿಯೂ 0.2ರಷ್ಟು ತಪ್ಪು ಬರುತ್ತದೆ. ಅಂತರ 10 ಆಗಿದ್ದರೆ ತಪ್ಪು 0.02ಕ್ಕೆ ಇಳಿಯುತ್ತದೆ. ಪ್ರಯೋಗಶಾಲೆಯ ಅಳತೆಗಳಲ್ಲಿ ಬಿಂದುಗಳು ನಿಖರವಾಗಿ ಒಂದೇ ರೇಖೆಯಲ್ಲಿ ಇರುವುದು ಅಪರೂಪ. ಅಂತಹ ಸಂದರ್ಭದಲ್ಲಿ ಎಲ್ಲ ಬಿಂದುಗಳಿಗೂ ಒಟ್ಟಾರೆ ಸಮೀಪವಾಗಿರುವ ರೇಖೆಯನ್ನು ಹುಡುಕುವ 'ಕನಿಷ್ಠ ವರ್ಗಗಳ ವಿಧಾನ'ವನ್ನು ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದನು.

ವಿಶೇಷ ರೇಖೆಗಳು

ಕ್ಷ-ಅಕ್ಷಕ್ಕೆ ಸಮಾಂತರವಾದ ರೇಖೆಯಲ್ಲಿ ಎತ್ತರ ಬದಲಾಗುವುದೇ ಇಲ್ಲ. ಅದರ ಸಮೀಕರಣ ಯ = 4 ಎಂಬಂತೆ ಇರುತ್ತದೆ ಮತ್ತು ಇಳಿಜಾರು ಶೂನ್ಯ. ಯ-ಅಕ್ಷಕ್ಕೆ ಸಮಾಂತರವಾದ ರೇಖೆಯ ಸಮೀಕರಣ ಕ್ಷ = 4 ಎಂಬಂತಿರುತ್ತದೆ. ಇದರಲ್ಲಿ ಅಡ್ಡ ದೂರದ ಬದಲಾವಣೆ ಶೂನ್ಯವಾಗಿದ್ದು, ಶೂನ್ಯದಿಂದ ಭಾಗಿಸಲು ಸಾಧ್ಯವಿಲ್ಲದ ಕಾರಣ ಇಳಿಜಾರನ್ನು ವ್ಯಾಖ್ಯಾನಿಸಲಾಗದು. 'ಇಳಿಜಾರು ಶೂನ್ಯ' ಮತ್ತು 'ಇಳಿಜಾರು ಇಲ್ಲ' ಎಂಬ ಎರಡು ಮಾತುಗಳು ಒಂದೇ ಅಲ್ಲ. ಸಮತಟ್ಟಾದ ರಸ್ತೆಗೆ ಶೂನ್ಯ ಇಳಿಜಾರು ಇದೆ. ನೆಟ್ಟಗೆ ನಿಂತ ಗೋಡೆಗೆ ಇಳಿಜಾರೆಂಬ ಸಂಖ್ಯೆಯೇ ಇಲ್ಲ.

ಮೂಲಬಿಂದುವಿನ ಮೂಲಕ ಹಾದುಹೋಗುವ, ಯ-ಅಕ್ಷವಲ್ಲದ ರೇಖೆಯ ಸಮೀಕರಣ ಯ = ಮ·ಕ್ಷ. ಇಳಿಜಾರು ಶೂನ್ಯವಲ್ಲದಿದ್ದಾಗ ಇದು ನೇರ ಅನುಪಾತದ ಚಿತ್ರ: ಕ್ಷ ಇಮ್ಮಡಿಯಾದರೆ ಯ ಕೂಡ ಇಮ್ಮಡಿಯಾಗುತ್ತದೆ. ಸ ಶೂನ್ಯವಲ್ಲದ ರೇಖೆಗಳಲ್ಲಿ ಹೀಗಾಗುವುದಿಲ್ಲ.

ಸಮಾಂತರ ಮತ್ತು ಲಂಬ ರೇಖೆಗಳು

ಯ-ಅಕ್ಷಕ್ಕೆ ಸಮಾಂತರವಲ್ಲದ ಎರಡು ಭಿನ್ನ ರೇಖೆಗಳ ಇಳಿಜಾರುಗಳು ಸಮನಾಗಿದ್ದರೆ ಅವು ಪರಸ್ಪರ ಸಮಾಂತರ. ಯ = 2ಕ್ಷ + 1 ಮತ್ತು ಯ = 2ಕ್ಷ − 5 ಸಮಾಂತರ ರೇಖೆಗಳು.

ಎರಡು ರೇಖೆಗಳ ಇಳಿಜಾರುಗಳ ಗುಣಲಬ್ಧ −1 ಆಗಿದ್ದರೆ ಅವು ಪರಸ್ಪರ ಲಂಬ. ಇದರ ಕಾರಣವನ್ನು ಇಳಿಜಾರಿನ ತ್ರಿಭುಜವನ್ನು 90° ತಿರುಗಿಸಿ ಕಾಣಬಹುದು. ಬಲಕ್ಕೆ 2, ಮೇಲಕ್ಕೆ 3 ಎಂಬ ಹೆಜ್ಜೆಯನ್ನು ಅಪ್ರದಕ್ಷಿಣವಾಗಿ 90° ತಿರುಗಿಸಿದರೆ ಅದು ಎಡಕ್ಕೆ 3, ಮೇಲಕ್ಕೆ 2 ಎಂದಾಗುತ್ತದೆ. ಮೊದಲ ಇಳಿಜಾರು 3/2, ಎರಡನೆಯದು −2/3, ಗುಣಲಬ್ಧ −1. ಅಂಶ ಮತ್ತು ಛೇದಗಳು ಸ್ಥಾನ ಬದಲಿಸಿಕೊಂಡು ಚಿಹ್ನೆ ತಿರುಗುವುದನ್ನು ಇಲ್ಲಿ ಗಮನಿಸಬಹುದು. ಅಕ್ಷಗಳಿಗೆ ಸಮಾಂತರವಾದ ರೇಖೆಗಳಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ಕ್ಷ = 4 ಮತ್ತು ಯ = 4 ರೇಖೆಗಳು ಲಂಬವಾಗಿರುವುದು ನೇರವಾಗಿಯೇ ತಿಳಿಯುತ್ತದೆ.

ಎರಡು ರೇಖೆಗಳ ಛೇದನ

ಎರಡು ರೇಖಾತ್ಮಕ ಸಮೀಕರಣಗಳನ್ನು ಒಟ್ಟಿಗೆ ಪಾಲಿಸುವ ಬಿಂದುವು ಅವುಗಳ ನಕ್ಷೆಗಳು ಛೇದಿಸುವ ಬಿಂದುವಾಗಿರುತ್ತದೆ. ಇಲ್ಲಿ ಮೂರು ಸಾಧ್ಯತೆಗಳಿವೆ:

• ಇಳಿಜಾರುಗಳು ಬೇರೆಯಾಗಿದ್ದರೆ ರೇಖೆಗಳು ಒಂದೇ ಬಿಂದುವಿನಲ್ಲಿ ಛೇದಿಸುತ್ತವೆ. ಪರಿಹಾರ ಒಂದೇ ಒಂದು.
• ಇಳಿಜಾರುಗಳು ಸಮನಾಗಿದ್ದು ಅಂತಃಛೇದಗಳು ಬೇರೆಯಾಗಿದ್ದರೆ ರೇಖೆಗಳು ಸಮಾಂತರ, ಪರಿಹಾರವಿಲ್ಲ.
• ಎರಡೂ ಸಮನಾಗಿದ್ದರೆ ರೇಖೆಗಳು ಐಕ್ಯವಾಗುತ್ತವೆ; ಅಪರಿಮಿತ ಪರಿಹಾರಗಳಿವೆ.

'ಗಣಿತಸಾರಸಂಗ್ರಹ'ದ ಒಂದು ಪ್ರಸಿದ್ಧ ಲೆಕ್ಕದ ಸಾರಾಂಶ ಹೀಗಿದೆ: 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107, 7 ಮಾದಲ ಮತ್ತು 9 ಬೇಲದ ಹಣ್ಣುಗಳ ಒಟ್ಟು ಬೆಲೆ 101. ಪ್ರತಿಯೊಂದರ ಬೆಲೆಯೆಷ್ಟು? ಮಾದಲದ ಬೆಲೆಯನ್ನು ಕ್ಷ, ಬೇಲದ ಬೆಲೆಯನ್ನು ಯ ಎಂದುಕೊಂಡರೆ

9ಕ್ಷ + 7ಯ = 107
7ಕ್ಷ + 9ಯ = 101

ಮಹಾವೀರಾಚಾರ್ಯನ ನಿಯಮದಂತೆ ದೊಡ್ಡ ಮೊತ್ತವನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಮೊತ್ತವನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ, ವ್ಯತ್ಯಾಸವನ್ನು ಆ ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಬೇಕು: (9 × 107 − 7 × 101) / (81 − 49) = 256/32 = 8. ಆದ್ದರಿಂದ ಮಾದಲದ ಬೆಲೆ 8, ಬೇಲದ ಬೆಲೆ 5. ಇದನ್ನೇ ನಕ್ಷೆಯಲ್ಲಿ ಬಿಡಿಸಿದರೆ −9/7 ಮತ್ತು −7/9 ಇಳಿಜಾರುಗಳ ಎರಡು ರೇಖೆಗಳು (8, 5) ಬಿಂದುವಿನಲ್ಲಿ ಛೇದಿಸುತ್ತವೆ. ಮೊದಲ ಖರೀದಿಯೊಂದರಿಂದಲೇ ಬೆಲೆಗಳು ಏಕೆ ತಿಳಿಯುವುದಿಲ್ಲ ಎಂಬುದನ್ನೂ ನಕ್ಷೆ ಸ್ಪಷ್ಟಪಡಿಸುತ್ತದೆ: ಆಗ ಮೊದಲ ರೇಖೆಯ ಮೇಲೆ ಧನ ಬೆಲೆಗಳುಳ್ಳ ಪ್ರತಿಯೊಂದು ಬಿಂದುವೂ ಸಂಭಾವ್ಯ ಉತ್ತರವೇ ಆಗಿರುತ್ತದೆ.

ಬಳಕೆಗಳು

ಉಷ್ಣತೆಯ ಮಾಪಕಗಳು: ಸಾಮಾನ್ಯ ವಾಯುಭಾರದಲ್ಲಿ ಮಂಜುಗಡ್ಡೆ ಕರಗುವ ಉಷ್ಣತೆ 0° ಸೆಲ್ಸಿಯಸ್ ಅಥವಾ 32° ಫ್ಯಾರನ್‌ಹೀಟ್, ನೀರು ಕುದಿಯುವ ಉಷ್ಣತೆ 100° ಸೆಲ್ಸಿಯಸ್ ಅಥವಾ 212° ಫ್ಯಾರನ್‌ಹೀಟ್. (0, 32) ಮತ್ತು (100, 212) ಎಂಬ ಎರಡು ಬಿಂದುಗಳಿಂದ ಇಳಿಜಾರು 180/100 = 9/5. ಆದ್ದರಿಂದ ಯ = (9/5)ಕ್ಷ + 32. ಇದರಿಂದ 37° ಸೆಲ್ಸಿಯಸ್ 98.6° ಫ್ಯಾರನ್‌ಹೀಟ್‌ಗೆ ಸಮ. ಈ ರೇಖೆಯು ಯ = ಕ್ಷ ರೇಖೆಯನ್ನು (−40, −40) ಬಿಂದುವಿನಲ್ಲಿ ಛೇದಿಸುವುದರಿಂದ ಎರಡೂ ಮಾಪಕಗಳು −40°ಯಲ್ಲಿ ಒಂದೇ ಸಂಖ್ಯೆಯನ್ನು ತೋರಿಸುತ್ತವೆ.

ಪ್ರಯಾಣದರ: ಬೆಂಗಳೂರಿನಲ್ಲಿ 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಟೋರಿಕ್ಷಾ ದರದಂತೆ ಮೊದಲ 2 ಕಿ.ಮೀ.ಗೆ ಕನಿಷ್ಠ ದರ 30 ರೂಪಾಯಿ, ಅನಂತರದ ಪ್ರತಿ ಕಿ.ಮೀ.ಗೆ 15 ರೂಪಾಯಿ ಇತ್ತು. ಕಾಯುವ ಶುಲ್ಕ ಮತ್ತು ರಾತ್ರಿಯ ಹೆಚ್ಚುವರಿ ದರಗಳನ್ನು ಬಿಟ್ಟರೆ, 2 ಕಿ.ಮೀ. ಮೀರಿದ ದೂರಕ್ಕೆ ಯ = 30 + 15(ಕ್ಷ − 2), ಅಂದರೆ ಯ = 15ಕ್ಷ. ಆದರೆ 2 ಕಿ.ಮೀ. ಒಳಗೆ ಯ = 30 ಎಂಬ ಅಡ್ಡ ರೇಖೆ. ಹೀಗೆ ನಕ್ಷೆಯು (2, 30) ಬಿಂದುವಿನಲ್ಲಿ ಕೂಡುವ ಎರಡು ತುಂಡುಗಳಿಂದಾಗಿದೆ. ಸಮೀಕರಣವನ್ನು ಬರೆಯುವಾಗ ಅದು ಯಾವ ವ್ಯಾಪ್ತಿಗೆ ಅನ್ವಯಿಸುತ್ತದೆ ಎಂಬುದನ್ನೂ ಹೇಳಬೇಕೆಂಬುದಕ್ಕೆ ಇದು ನಿದರ್ಶನ.

ರೈಲು ಸಂಚಾರದ ನಕ್ಷೆ: ಕಾಲವನ್ನು ಅಡ್ಡ ಅಕ್ಷದಲ್ಲಿಯೂ ದೂರವನ್ನು ಲಂಬ ಅಕ್ಷದಲ್ಲಿಯೂ ಗುರುತಿಸಿದರೆ ಸಮವೇಗದಿಂದ ಚಲಿಸುವ ರೈಲು ಒಂದು ಸರಳರೇಖೆಯಾಗುತ್ತದೆ. ಅದರ ಇಳಿಜಾರು ವೇಗವನ್ನೂ, ಅಡ್ಡಗೆರೆ ನಿಲುಗಡೆಯನ್ನೂ ಸೂಚಿಸುತ್ತದೆ. ಫ್ರಾನ್ಸ್‌ನ ಎತಿಯೆನ್-ಜೂಲ್ ಮರೆ 19ನೇ ಶತಮಾನದಲ್ಲಿ ನಕ್ಷಾ ವಿಧಾನವನ್ನು ಕುರಿತ ತನ್ನ ಗ್ರಂಥದಲ್ಲಿ ಪ್ಯಾರಿಸ್–ಲಿಯಾನ್ ರೈಲುಗಳ ಇಂತಹ ನಕ್ಷೆಯನ್ನು ಕೊಟ್ಟಿದ್ದಾನೆ.

60 ಕಿ.ಮೀ. ಅಂತರದ ಎರಡು ನಿಲ್ದಾಣಗಳ ನಡುವೆ ಒಂದೇ ಹಳಿ ಇದೆ ಎಂದುಕೊಳ್ಳೋಣ. ಬೆಳಿಗ್ಗೆ 8 ಗಂಟೆಗೆ ಮೊದಲ ನಿಲ್ದಾಣದಿಂದ ಗಂಟೆಗೆ 40 ಕಿ.ಮೀ. ವೇಗದ ರೈಲೂ, ಎರಡನೆಯದರಿಂದ ಗಂಟೆಗೆ 60 ಕಿ.ಮೀ. ವೇಗದ ರೈಲೂ ಹೊರಟರೆ ಅವುಗಳ ಸಮೀಕರಣಗಳು ಯ = 40ಕ್ಷ ಮತ್ತು ಯ = 60 − 60ಕ್ಷ. ಇವು ಕ್ಷ = 0.6 ಗಂಟೆಯಲ್ಲಿ, ಅಂದರೆ 8 ಗಂಟೆ 36 ನಿಮಿಷಕ್ಕೆ, 24 ಕಿ.ಮೀ. ದೂರದಲ್ಲಿ ಛೇದಿಸುತ್ತವೆ. ಒಂದೇ ಹಳಿಯ ಮಾರ್ಗದಲ್ಲಿ ಈ ಛೇದನ ನಿಲ್ದಾಣದಲ್ಲಿಯೇ ಆಗಬೇಕು. ಇಲ್ಲದಿದ್ದರೆ ಅದು ಮುಖಾಮುಖಿ ಡಿಕ್ಕಿಯ ಸ್ಥಾನ. ಹಳಿ ಕವಲೊಡೆಯುವ ನಿಲ್ದಾಣ 30 ಕಿ.ಮೀ. ದೂರದಲ್ಲಿದ್ದರೆ ಎರಡನೆಯ ರೈಲು 8.30ಕ್ಕೆ ಅಲ್ಲಿ ತಲುಪಿ, 8.45ಕ್ಕೆ ಮೊದಲ ರೈಲು ಬರುವವರೆಗೆ 15 ನಿಮಿಷ ಕಾಯಬೇಕಾಗುತ್ತದೆ. ನಕ್ಷೆಯಲ್ಲಿ ಈ ಕಾಯುವಿಕೆ ಒಂದು ಚಿಕ್ಕ ಅಡ್ಡಗೆರೆಯಾಗಿ ಕಾಣುತ್ತದೆ.

ಮಿತಿಗಳು

ಸಮೀಕರಣದ ರೇಖೆ ಎರಡೂ ದಿಕ್ಕಿಗೆ ಅಪರಿಮಿತವಾಗಿ ಸಾಗುತ್ತದೆ. ಅದು ವರ್ಣಿಸುವ ವಾಸ್ತವ ಸಂಗತಿ ಹಾಗೆ ಸಾಗಬೇಕೆಂದಿಲ್ಲ. ಒಂದು ಮಗುವಿನ ಎತ್ತರ 8ನೇ ವಯಸ್ಸಿನಲ್ಲಿ 125 ಸೆಂ.ಮೀ., 12ನೇ ವಯಸ್ಸಿನಲ್ಲಿ 145 ಸೆಂ.ಮೀ. ಇತ್ತೆಂದುಕೊಂಡರೆ ಈ ಬಿಂದುಗಳ ರೇಖೆ ಯ = 5ಕ್ಷ + 85. ಇದರಿಂದ 10ನೇ ವಯಸ್ಸಿನ ಎತ್ತರ 135 ಸೆಂ.ಮೀ. ಎಂದು ಅಂದಾಜಿಸುವುದು ಯುಕ್ತ. ಆದರೆ 40ನೇ ವಯಸ್ಸಿಗೆ ಇದೇ ಸಮೀಕರಣ 285 ಸೆಂ.ಮೀ. ಎನ್ನುತ್ತದೆ, ಹುಟ್ಟಿದಾಗ 85 ಸೆಂ.ಮೀ. ಎನ್ನುತ್ತದೆ, ಎರಡೂ ಅಸಂಗತ. ತಿಳಿದ ಬಿಂದುಗಳ ನಡುವೆ ಅಂದಾಜಿಸುವುದಕ್ಕಿಂತ ಅವುಗಳ ಆಚೆಗೆ ರೇಖೆಯನ್ನು ಚಾಚಿ ಅಂದಾಜಿಸುವುದು ಹೆಚ್ಚು ಅಪಾಯಕಾರಿ. ಬದಲಾವಣೆಯ ದರ ಸ್ಥಿರವಾಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಸಾಮಾನ್ಯ ತಪ್ಪುಗಳು

• ಇಳಿಜಾರನ್ನು ಲೆಕ್ಕಹಾಕುವಾಗ ಅಂಶದಲ್ಲಿ ಒಂದು ಕ್ರಮ, ಛೇದದಲ್ಲಿ ಇನ್ನೊಂದು ಕ್ರಮ ಬಳಸುವುದು. ಇದರಿಂದ ಇಳಿಜಾರಿನ ಚಿಹ್ನೆ ತಲೆಕೆಳಗಾಗುತ್ತದೆ.
• ಅಡ್ಡ ಬದಲಾವಣೆಯನ್ನು ಲಂಬ ಬದಲಾವಣೆಯಿಂದ ಭಾಗಿಸುವುದು.
• ಸಾಮಾನ್ಯ ರೂಪದಲ್ಲಿ ಕ್ಷ ಚರಾಕ್ಷರದ ಸಹಗುಣಕವನ್ನೇ ಇಳಿಜಾರೆಂದು ಭಾವಿಸುವುದು. 3ಕ್ಷ + 2ಯ = 12 ರೇಖೆಯ ಇಳಿಜಾರು 3 ಅಲ್ಲ, −3/2.
• ಕ್ಷ = 4 ಎಂಬುದನ್ನು ಒಂದು ಬಿಂದುವೆಂದೋ ಅಡ್ಡ ರೇಖೆಯೆಂದೋ ತಿಳಿಯುವುದು. ಅದು ಯ-ಅಕ್ಷಕ್ಕೆ ಸಮಾಂತರವಾದ ರೇಖೆ.
• ಋಣ ಸಂಖ್ಯೆಗಳನ್ನು ಕಳೆಯುವಾಗ ಚಿಹ್ನೆಯನ್ನು ಮರೆಯುವುದು. ಉದಾಹರಣೆಗೆ 6 − (−3) ಎಂಬುದು 3 ಅಲ್ಲ, 9.

ಬರೆದ ಸಮೀಕರಣದಲ್ಲಿ ಕೊಟ್ಟ ಬಿಂದುಗಳನ್ನು ಆದೇಶಿಸಿ ಎರಡೂ ಬದಿ ಸಮವಾಗುತ್ತವೆಯೇ ಎಂದು ನೋಡಿದರೆ ಸಮೀಕರಣ ಬರೆಯುವಲ್ಲಿ ಆಗುವ ಇಂತಹ ಬಹುತೇಕ ತಪ್ಪುಗಳು ಕೂಡಲೇ ಪತ್ತೆಯಾಗುತ್ತವೆ. ಬಿಂದುವು ಸಮೀಕರಣವನ್ನು ಪಾಲಿಸಿದರೆ ಅದು ರೇಖೆಯ ಮೇಲಿದೆ. ಪಾಲಿಸದಿದ್ದರೆ ರೇಖೆಯ ಹೊರಗಿದೆ.